ಯಜಮಾನರು ಹೋದ ಮೇಲೆ ಮನೆ ಯಾರದು? ಪದೇ ಪದೇ ಕೇಳುವ ಪ್ರಶ್ನೆಗಳು

ಕಾನೂನು ನೆರವಿನ ಸಭೆಗಳಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಕರ್ನಾಟಕದ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಬೇರೆ ಧರ್ಮದವರ ವಿಷಯ ಅಂತ ಹೇಳದ ಕಡೆಯೆಲ್ಲ ಹಿಂದೂ ಉತ್ತರಾಧಿಕಾರ ಕಾಯಿದೆ, 1956 ಅನ್ವಯಿಸುತ್ತದೆ. ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರು ಕೂಡ ಇದೇ ಕಾಯಿದೆಯೊಳಗೆ ಬರುತ್ತಾರೆ.

## ಮೊದಲ ದಿನಗಳ ಪ್ರಶ್ನೆಗಳು

ನಮ್ಮ ಯಜಮಾನರು ಹೋಗಿ ಎರಡು ತಿಂಗಳಾಯ್ತು. ಖಾತೆ ಇನ್ನೂ ಅವರ ಹೆಸರಲ್ಲೇ ಇದೆ. ಖಾತೆ ಬದಲಾಗುವವರೆಗೂ ಮನೆ ನನ್ನದಾಗಲ್ವಾ?

ನಿಮ್ಮ ಪಾಲು ಅವರು ತೀರಿಕೊಂಡ ದಿನವೇ ನಿಮ್ಮದಾಗಿದೆ. ಯಾರೂ ಕೊಡಬೇಕಾಗಿಲ್ಲ, ಯಾವ ಕಚೇರಿಯೂ ಮಂಜೂರು ಮಾಡಬೇಕಾಗಿಲ್ಲ. ಖಾತೆ ಅನ್ನುವುದು ಕಂದಾಯ ಯಾರಿಂದ ವಸೂಲಿ ಮಾಡಬೇಕು ಅಂತ ಸರ್ಕಾರ ಇಟ್ಟುಕೊಳ್ಳುವ ದಾಖಲೆ. ಖಾತೆಯಿಂದ ಮಾಲೀಕತ್ವ ಬರುವುದಿಲ್ಲ, ಹೋಗುವುದೂ ಇಲ್ಲ ಅಂತ ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ. ಹಾಗಂತ ಖಾತೆಯನ್ನು ವರ್ಷಗಟ್ಟಲೆ ಹಾಗೇ ಬಿಡಬೇಡಿ. ಮನೆ ಮಾರಲು, ಸಾಲ ತೆಗೆಯಲು, ಪಾಲು ಮಾಡಿಕೊಳ್ಳಲು ಹೋದಾಗ ಎಲ್ಲರೂ ಮೊದಲು ಕೇಳುವುದು ಅದನ್ನೇ.

ಮನೆ ಅವರೇ ದುಡಿದು ಕಟ್ಟಿದ್ದು. ಉಯಿಲು ಬರೆದಿಲ್ಲ. ನನ್ನ ಪಾಲು ಎಷ್ಟು?

ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅವರ ತಾಯಿ. ಇವರೆಲ್ಲ ಮೊದಲ ವರ್ಗದ ವಾರಸುದಾರರು. ಒಬ್ಬೊಬ್ಬರಿಗೆ ಒಂದೊಂದು ಸಮ ಪಾಲು. ನೀವು, ಒಬ್ಬ ಮಗ, ಒಬ್ಬಳು ಮಗಳು, ಜೊತೆಗೆ ಅತ್ತೆ ಇದ್ದರೆ ಮನೆ ನಾಲ್ಕು ಭಾಗ. ನಿಮ್ಮದು ಕಾಲು ಭಾಗ. ಅತ್ತೆ ಇಲ್ಲದಿದ್ದರೆ ಮೂರರಲ್ಲಿ ಒಂದು. ಮಗ ತನ್ನ ತಂದೆಗಿಂತ ಮುಂಚೆ ತೀರಿಕೊಂಡಿದ್ದರೆ ಅವನ ಪಾಲು ಅವನ ಹೆಂಡತಿ ಮಕ್ಕಳಿಗೆ ಹೋಗುತ್ತದೆ. ಮಾವ ಬದುಕಿದ್ದರೂ ಈ ಸಾಲಿನಲ್ಲಿ ಇಲ್ಲ, ಅವರು ಎರಡನೇ ವರ್ಗ.

“ಮದುವೆಯಾಗಿ ಹೋದ ಮಗಳಿಗೆ ಪಾಲಿಲ್ಲ” ಅನ್ನುವುದು ಸುಳ್ಳು. “ಅಮ್ಮನಿಗೆ ಊಟ ಹಾಕಿದರೆ ಸಾಕು, ಪಾಲು ಯಾಕೆ” ಅನ್ನುವುದೂ ಸುಳ್ಳು.

ನಮಗೆ ಮಕ್ಕಳಿಲ್ಲ. ಮೈದುನರು “ನಿನಗೇನೂ ಬರಲ್ಲ, ತವರಿಗೆ ಹೋಗು” ಅಂತಿದ್ದಾರೆ.

ಹೋಗಬೇಡಿ. ಮನೆ ಗಂಡನ ಸ್ವಯಾರ್ಜಿತವಾಗಿದ್ದು, ಅಂದರೆ ಅವರೇ ದುಡಿದು ಮಾಡಿದ್ದಾಗಿದ್ದು, ಅವರ ತಾಯಿ ಬದುಕಿದ್ದರೆ ಅತ್ತೆಗೆ ಅರ್ಧ, ನಿಮಗೆ ಅರ್ಧ. ಅತ್ತೆ ಇಲ್ಲದಿದ್ದರೆ ಪೂರ್ತಿ ನಿಮ್ಮದು. ಮೊದಲ ವರ್ಗದಲ್ಲಿ ಒಬ್ಬರಿದ್ದರೂ ಅಣ್ಣತಮ್ಮಂದಿರಿಗೆ ಏನೂ ಇಲ್ಲ.

ಮನೆ ನಮ್ಮಿಬ್ಬರ ಹೆಸರಿಗೂ ರಿಜಿಸ್ಟರ್ ಆಗಿತ್ತು. ಈಗ ಪೂರ್ತಿ ನನಗೇ ಅಲ್ವಾ?

ಅಲ್ಲ. ನಿಮ್ಮ ಅರ್ಧ ಮೊದಲಿನಿಂದಲೂ ನಿಮ್ಮದೇ. ಅದನ್ನು ಯಾರೂ ಮುಟ್ಟುವಂತಿಲ್ಲ. ಅವರ ಅರ್ಧ ಮಾತ್ರ ವಾರಸುದಾರರಲ್ಲಿ ಹಂಚಿಕೆಯಾಗುತ್ತದೆ. ಇಬ್ಬರು ಮಕ್ಕಳಿದ್ದು ಅತ್ತೆ ಇಲ್ಲದಿದ್ದರೆ ಆ ಅರ್ಧದಲ್ಲಿ ಮೂರನೇ ಒಂದು, ಅಂದರೆ ಆರನೇ ಒಂದು ಭಾಗ ನಿಮಗೆ. ಎರಡೂ ಸೇರಿ ಮನೆಯ ಮೂರರಲ್ಲಿ ಎರಡು ಭಾಗ. ಕ್ರಯಪತ್ರದಲ್ಲಿ ಬೇರೆ ಅಳತೆ ಬರೆದಿದ್ದರೆ ಅದರ ಪ್ರಕಾರ ಲೆಕ್ಕ.

ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಅವರ ತಮ್ಮನನ್ನು ನಾಮಿನಿ ಮಾಡಿದ್ದರು. ಫ್ಲ್ಯಾಟ್ ಅವನಿಗೇ ಹೋಗುತ್ತಾ?

ನಾಮಿನಿ ಮಾಲೀಕ ಅಲ್ಲ. ಸೊಸೈಟಿ ಅವನ ಹೆಸರಿಗೆ ಸದಸ್ಯತ್ವ ಬದಲಾಯಿಸಬಹುದು. ಆದರೆ ಹಕ್ಕು ವಾರಸುದಾರರದ್ದೇ. 2016ರ ಇಂದ್ರಾಣಿ ವಾಹಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ನಾಮಿನಿಯ ಹೆಸರಿಗೆ ವರ್ಗಾವಣೆಯಾದ ಮೇಲೂ ವಾರಸುದಾರರು ತಮ್ಮ ಹಕ್ಕು ಕೇಳಬಹುದು ಅಂದಿದೆ. ಸೊಸೈಟಿಗೆ ಈಗಲೇ ಬರವಣಿಗೆಯಲ್ಲಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಪೌತಿ ಖಾತೆ ಮಾಡಿಸಲು ಏನೇನು ಬೇಕು?

ಪೌತಿ ಖಾತೆ ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು. ಅದಕ್ಕೆ ಬೇಕಾದದ್ದು: ಮರಣ ಪ್ರಮಾಣ ಪತ್ರ, ವಂಶವೃಕ್ಷ, ಮೂಲ ಪತ್ರ, ಕಂದಾಯ ಕಟ್ಟಿದ ರಸೀದಿ, ಎಲ್ಲ ವಾರಸುದಾರರ ಗುರುತಿನ ಚೀಟಿ. ಜಮೀನಾದರೆ ನಾಡಕಚೇರಿಯಲ್ಲಿ ಅರ್ಜಿ. ಹಳ್ಳಿಯ ಮನೆಯಾದರೆ ಗ್ರಾಮ ಪಂಚಾಯಿತಿ, ಪಟ್ಟಣದ್ದಾದರೆ ಪುರಸಭೆ, ನಗರಸಭೆ ಅಥವಾ ಪಾಲಿಕೆ.

ಎಲ್ಲಕ್ಕಿಂತ ಜಾಸ್ತಿ ಗಮನ ವಂಶವೃಕ್ಷದ ಮೇಲಿರಲಿ. ಅರ್ಜಿ ಕೊಡುವವರು ಹೇಳಿದ ಹೆಸರುಗಳೇ ಅದರಲ್ಲಿ ಬರುತ್ತವೆ. ಮಗ ಒಬ್ಬನೇ ಹೋಗಿ ಮಾಡಿಸಿದಾಗ ಅಕ್ಕತಂಗಿಯರ ಹೆಸರು ಬಿಟ್ಟುಹೋದದ್ದನ್ನು, ತಾಯಿಯ ಹೆಸರು ಮೇಲೆ ಇದ್ದು ಕೆಳಗಿನ ವಾರಸುದಾರರ ಪಟ್ಟಿಯಲ್ಲಿ ಕಾಣೆಯಾದದ್ದನ್ನು ನೋಡಿದ್ದೇನೆ. ಪ್ರತಿಯನ್ನು ಕೈಯಲ್ಲಿ ಹಿಡಿದು ಒಂದೊಂದು ಹೆಸರನ್ನೂ ಓದಿಸಿಕೊಳ್ಳಿ. “ಸದ್ಯಕ್ಕೆ ಮಗನ ಹೆಸರಿಗೆ ಮಾಡೋಣ, ಆಮೇಲೆ ನೋಡೋಣ” ಅಂದರೆ ಒಪ್ಪಬೇಡಿ. ಜಂಟಿ ಖಾತೆ ಮಾಡಿಸಿ.

## ಸಹಿ, ಉಯಿಲು, ದಾನಪತ್ರ

ಹದಿಮೂರನೇ ದಿನದ ಊಟ ಮುಗಿದ ಮರುದಿನವೇ ಮಗ ಪೇಪರ್ ತಂದ. “ಸುಮ್ನೆ ಫಾರ್ಮಾಲಿಟಿ ಅಮ್ಮ” ಅಂತಾನೆ. ಸಹಿ ಹಾಕಲಾ?

ಹಾಕಬೇಡಿ. ಈ ಪುಟದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ದುಃಖ ಹಸಿಯಾಗಿರುವಾಗ ಮನೆಯ ಕಾಗದಕ್ಕೆ ಸಹಿ ಹಾಕಬಾರದು. ಆ ಅವಸರ ಕಾನೂನಿನದ್ದಲ್ಲ, ಕೇಳುವವರದ್ದು.

ಹೆಚ್ಚಾಗಿ ಆ ಪೇಪರ್ ಹಕ್ಕು ಬಿಡುಗಡೆ ಪತ್ರವಾಗಿರುತ್ತದೆ. ಮೊದಲ ಪುಟದಲ್ಲಿ ಹೆಸರು, ವಯಸ್ಸು, ವಿಳಾಸ. ಎರಡನೇ ಪುಟದಲ್ಲಿ “ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ” ಅಂತ ಒಂದು ಸಾಲು. ಅದರ ಕೆಳಗೆ “ಈ ದಿನದಿಂದ ಷೆಡ್ಯೂಲ್ ಸ್ವತ್ತಿನಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕು ಬಾಧ್ಯತೆಯೂ ಇರುವುದಿಲ್ಲ” ಅಂತ ಇನ್ನೊಂದು. ಕೊನೆಯಲ್ಲಿ ಷೆಡ್ಯೂಲ್: ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ರಸ್ತೆ ಅಂತ ಚೆಕ್ಕುಬಂದಿ. ಚೆಕ್ಕುಬಂದಿ ಇದೆ ಅಂದರೆ ಅದು ಬರೀ ಫಾರ್ಮಾಲಿಟಿ ಅಲ್ಲ, ನಿಮ್ಮ ಮನೆ ಕೈಬಿಡುವ ಕಾಗದ. ಇಂಥ ಪತ್ರ ರಿಜಿಸ್ಟರ್ ಆಗಲೇಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಫೋಟೋ, ಹೆಬ್ಬೆಟ್ಟು ತೆಗೆಸುತ್ತಿದ್ದಾರೆ ಅಂದರೆ ಅಲ್ಲೇ “ಇದು ಏನು ಪತ್ರ?” ಅಂತ ಅಧಿಕಾರಿಯನ್ನೇ ಜೋರಾಗಿ ಕೇಳಿ.

ಈಗಾಗಲೇ ಮೋಸದಿಂದ ಸಹಿ ಹಾಕಿಸಿಕೊಂಡಿದ್ದರೆ, ಮೋಸ ಗೊತ್ತಾದ ದಿನದಿಂದ 3 ವರ್ಷದೊಳಗೆ ಪತ್ರ ರದ್ದು ಮಾಡಲು ದಾವೆ ಹಾಕಬೇಕು. ತಡ ಮಾಡಬೇಡಿ.

ಮಗನಿಗೆ ಮನೆ ದಾನಪತ್ರ ಮಾಡಿಕೊಟ್ಟೆ. ಈಗ ಸೊಸೆ ಮಗ ಇಬ್ಬರೂ ಮಾತಾಡಿಸಲ್ಲ, ಔಷಧಿಗೂ ದುಡ್ಡಿಲ್ಲ. ವಾಪಸ್ ಪಡೆಯಬಹುದಾ?

60 ದಾಟಿದವರಿಗೆ ದಾರಿ ಇದೆ. ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯಿದೆ, 2007ರ 23ನೇ ಕಲಂ ಪ್ರಕಾರ, “ನೋಡಿಕೊಳ್ಳಬೇಕು” ಅನ್ನುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಉಪವಿಭಾಗಾಧಿಕಾರಿ, ಅಂದರೆ ಎಸಿ ಅವರ ಮುಂದೆ ಅರ್ಜಿ.

ತೊಡಕು ಇರುವುದು ಆ ಷರತ್ತಿನಲ್ಲೇ. ಷರತ್ತು ಇತ್ತು ಅಂತ ತೋರಿಸಲೇಬೇಕು ಅಂತ 2022ರ ಸುದೇಶ್ ಛಿಕಾರಾ ತೀರ್ಪು ಹೇಳಿತು. 2025ರ ಜನವರಿಯಲ್ಲಿ ಬಂದ ಊರ್ಮಿಳಾ ದೀಕ್ಷಿತ್ ತೀರ್ಪು, ಇದು ಹಿರಿಯರ ರಕ್ಷಣೆಗೆ ಬಂದ ಕಾನೂನು, ಉದಾರವಾಗಿ ಓದಬೇಕು ಅಂದಿತು. ಇನ್ನೂ ದಾನಪತ್ರ ಮಾಡದವರು ಒಂದು ಸಾಲು ಬರೆಸಿಯೇ ಮಾಡಿ: “ನನ್ನ ಊಟ, ವಾಸ, ಔಷಧೋಪಚಾರ ನೋಡಿಕೊಳ್ಳತಕ್ಕದ್ದು.” ನನ್ನ ಅಭಿಪ್ರಾಯ ಕೇಳಿದರೆ, ಬದುಕಿರುವಾಗ ದಾನಪತ್ರವೇ ಬೇಡ. ಉಯಿಲು ಬರೆಯಿರಿ. ಅದನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು.

ಉಯಿಲಿನಲ್ಲಿ ಎಲ್ಲ ಮಗನಿಗೇ ಬರೆದುಬಿಟ್ಟಿದ್ದಾರೆ. ನನ್ನ ಹೆಸರೇ ಇಲ್ಲ.

ಸ್ವಯಾರ್ಜಿತ ಆಸ್ತಿಯನ್ನು ಹಾಗೆ ಬರೆಯುವ ಹಕ್ಕು ಅವರಿಗಿತ್ತು. ಇದು ಕೇಳಲು ಕಷ್ಟ, ಆದರೆ ಸತ್ಯ. ಹಾಗಂತ ಅಲ್ಲಿಗೇ ಬಿಡಬೇಡಿ. ಉಯಿಲಿಗೆ ಇಬ್ಬರು ಸಾಕ್ಷಿಗಳು ಸಹಿ ಹಾಕಿದ್ದಾರಾ? ಬರೆದಾಗ ಅವರಿಗೆ ಪ್ರಜ್ಞೆ ಸರಿಯಾಗಿತ್ತಾ? ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿದ್ದಾನಾ? ಇಂಥ ಅನುಮಾನಗಳಿದ್ದರೆ ಅದನ್ನು ನಿವಾರಿಸುವ ಹೊಣೆ ಉಯಿಲು ತೋರಿಸುವವರ ಮೇಲೆ.

ಉಯಿಲು ಸರಿಯಿದ್ದರೂ, ಪಾಲು ಸಿಗದ ವಿಧವೆ ಆಸ್ತಿ ಪಡೆದವರಿಂದ ಜೀವನಾಂಶ ಕೇಳಬಹುದು. ಹಿಂದೂ ದತ್ತಕ ಮತ್ತು ನಿರ್ವಹಣಾ ಕಾಯಿದೆ, 1956ರ 22ನೇ ಕಲಂ ಅದನ್ನು ಕೊಡುತ್ತದೆ.

“ಹೆಂಡತಿ ಬದುಕಿರುವವರೆಗೆ ಮನೆಯಲ್ಲಿರಬಹುದು, ಮಾರುವಂತಿಲ್ಲ” ಅಂತ ಉಯಿಲಿನಲ್ಲಿದೆ. ನನಗೆ ಅಷ್ಟೇನಾ?

ಇದು ಕಾನೂನಿನ ಕಷ್ಟದ ಜಾಗಗಳಲ್ಲೊಂದು. ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೇ ಕಲಮಿನಲ್ಲಿ ಎರಡು ಭಾಗ. ಒಂದನೇ ಭಾಗ: ಹಿಂದೂ ಹೆಣ್ಣಿನ ಕೈಯಲ್ಲಿರುವ ಆಸ್ತಿಗೆ ಅವಳು ಪೂರ್ಣ ಮಾಲೀಕಳು. ಎರಡನೇ ಭಾಗ: ಉಯಿಲು, ದಾನಪತ್ರದಲ್ಲಿ ಮಿತಿ ಹಾಕಿ ಹೊಸದಾಗಿ ಕೊಟ್ಟಿದ್ದರೆ ಆ ಮಿತಿ ಉಳಿಯುತ್ತದೆ. 1977ರ ತುಳಸಮ್ಮ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಹಳೆಯ ಹಕ್ಕಿಗೆ ಬದಲಾಗಿ ಕೊಟ್ಟ ಆಸ್ತಿಯಾದರೆ ಮಿತಿ ಹಾಕಿದ್ದರೂ ಅವಳು ಪೂರ್ಣ ಮಾಲೀಕಳೇ ಅಂದಿತು. ನಿಮ್ಮ ಉಯಿಲಿನ ಒಂದೊಂದು ಪದವೂ ಇಲ್ಲಿ ಮುಖ್ಯ. ವಕೀಲರಿಗೆ ಮೂಲ ಪ್ರತಿಯನ್ನೇ ತೋರಿಸಿ, ಬಾಯಲ್ಲಿ ಹೇಳಬೇಡಿ.

## ಮನೆಯಿಂದ ಹೊರಗೆ ಹಾಕುವ ಮಾತು ಬಂದಾಗ

ಮನೆ ಮಾವನ ಹೆಸರಲ್ಲಿದೆ. “ಮಗನೇ ಇಲ್ಲ, ನೀನ್ಯಾಕೆ ಇಲ್ಲಿ” ಅಂತಾರೆ. ಹೊರಗೆ ಹಾಕಬಹುದಾ?

ಮಾವನ ಸ್ವಯಾರ್ಜಿತ ಮನೆಯಾದರೆ, ಅವರು ಬದುಕಿರುವವರೆಗೆ ನಿಮಗೆ ಮಾಲೀಕತ್ವ ಇಲ್ಲ. ಆದರೆ ಮಾಲೀಕತ್ವ ಬೇರೆ, ವಾಸದ ಹಕ್ಕು ಬೇರೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ, 2005ರ 17ನೇ ಕಲಂ ಹೆಣ್ಣುಮಗಳಿಗೆ ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಕೊಡುತ್ತದೆ, ಮನೆ ಯಾರ ಹೆಸರಲ್ಲೇ ಇರಲಿ. ಅತ್ತೆ ಮಾವನ ಹೆಸರಿನ ಮನೆಯೂ ಇದರಲ್ಲಿ ಬರುತ್ತದೆ ಅಂತ 2020ರ ಸತೀಶ್ ಚಂದರ್ ಅಹುಜಾ ತೀರ್ಪು ಸ್ಪಷ್ಟ ಮಾಡಿತು. 2022ರ ಪ್ರಭಾ ತ್ಯಾಗಿ ತೀರ್ಪು ಒಬ್ಬ ವಿಧವೆಯದೇ ಪ್ರಕರಣ.

ಹಿರಿಯ ನಾಗರಿಕರ ಕಾಯಿದೆ ತೋರಿಸಿ ಹೆದರಿಸುವುದೂ ಇದೆ. ಬೆಂಗಳೂರಿನ ಎಸ್. ವನಿತಾ ಪ್ರಕರಣದಲ್ಲಿ ಸೊಸೆಯನ್ನು ಆ ಕಾಯಿದೆಯಡಿ ತೆರವು ಮಾಡಿಸಿದ್ದರು. ಅವರು ವಿಧವೆಯಲ್ಲ, ಗಂಡನಿಂದ ದೂರವಾದವರು. ಆದರೂ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು ಎಲ್ಲ ಸೊಸೆಯಂದಿರಿಗೂ ಬೇಕಾದದ್ದು: ಹಿರಿಯರ ಕಾಯಿದೆ ಬಳಸಿ ಹೆಣ್ಣಿನ ವಾಸದ ಹಕ್ಕನ್ನು ಸುಮ್ಮನೆ ಅಳಿಸಿಹಾಕುವಂತಿಲ್ಲ. ವಯಸ್ಸಾದ ಅತ್ತೆ ಮಾವನ ನೆಮ್ಮದಿಯೂ ಕೋರ್ಟಿಗೆ ಮುಖ್ಯವೇ. ಹಾಗಾಗಿ ಕೆಲವೊಮ್ಮೆ ಬೇರೆ ಮನೆ ಅಥವಾ ಬಾಡಿಗೆ ಕೊಡಿಸಿ ಇತ್ಯರ್ಥ ಮಾಡುತ್ತಾರೆ.

ಬೀಗ ಹಾಕಿಬಿಟ್ಟರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಬಳಿ ಹೋಗಿ, ಅವರೇ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ಸಂರಕ್ಷಣಾಧಿಕಾರಿ. ಮಹಿಳಾ ಸಹಾಯವಾಣಿ 181. ಇನ್ನೊಂದು ವಿಷಯ: ಮಾವ ಉಯಿಲು ಬರೆಯದೆ ತೀರಿಕೊಂಡರೆ, ಮೊದಲೇ ತೀರಿಕೊಂಡ ಮಗನ ಹೆಂಡತಿಯಾಗಿ ನೀವೂ ಮೊದಲ ವರ್ಗದ ವಾರಸುದಾರಳು. ನಿಮ್ಮ ಗಂಡನಿಗೆ ಬರುತ್ತಿದ್ದ ಪಾಲು ನಿಮಗೂ ನಿಮ್ಮ ಮಕ್ಕಳಿಗೂ ಬರುತ್ತದೆ.

ಮತ್ತೆ ಮದುವೆಯಾದರೆ ಪಾಲು ವಾಪಸ್ ಕೊಡಬೇಕಾ?

ಬೇಡ. ಒಮ್ಮೆ ನಿಮ್ಮದಾದ ಪಾಲು ಮರುಮದುವೆಯಿಂದ ಹೋಗುವುದಿಲ್ಲ. ಜೀವನಾಂಶ ಮಾತ್ರ ನಿಲ್ಲುತ್ತದೆ.

ಡೈವೋರ್ಸ್ ಕೇಸ್ ನಡೀತಿರುವಾಗಲೇ ಅವರು ತೀರಿಕೊಂಡರು. ನನಗೆ ಹಕ್ಕಿದೆಯಾ?

ಡೈವೋರ್ಸ್ ಡಿಕ್ರಿ, ಅಂದರೆ ಕೋರ್ಟಿನ ತೀರ್ಪು, ಆಗಿಲ್ಲದಿದ್ದರೆ ನೀವು ಹೆಂಡತಿಯೇ. ಹತ್ತು ವರ್ಷ ದೂರ ಇದ್ದರೂ ಪಾಲು ಪೂರ್ತಿ ಇದೆ. ಡಿಕ್ರಿ ಆಗಿದ್ದರೆ ಇಲ್ಲ.

## ಕಗ್ಗಂಟಿನ ಪ್ರಶ್ನೆಗಳು

ಇದು ಪಿತ್ರಾರ್ಜಿತ ಮನೆ. ಹೆಂಡತಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ ಅಂತಾರಲ್ಲ?

ಅರ್ಧ ಸತ್ಯ. ಹೆಂಡತಿ ಹುಟ್ಟಿನಿಂದ ಪಾಲುದಾರಳಲ್ಲ, ನಿಜ. ಆದರೆ ಗಂಡನ ಪಾಲಿಗೆ ವಾರಸುದಾರಳು. ಅವರು ಸಾಯುವ ಮುಂಚಿನ ಕ್ಷಣದಲ್ಲಿ ವಿಭಾಗ ಆಯಿತು ಅಂತ ಭಾವಿಸಿ ಲೆಕ್ಕ ಹಾಕುತ್ತಾರೆ.

ಗಂಡ, ಒಬ್ಬ ಮಗ, ಒಬ್ಬಳು ಮಗಳು ಅನ್ನಿ. ಮಗಳಿಗೂ ಹುಟ್ಟಿನಿಂದ ಹಕ್ಕಿದೆ. ಕರ್ನಾಟಕದಲ್ಲಿ ಇದರ ತಿದ್ದುಪಡಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. 2020ರ ವಿನೀತಾ ಶರ್ಮಾ ತೀರ್ಪು ಉಳಿದ ಗೊಂದಲವನ್ನೂ ತೆಗೆಯಿತು. ಹಾಗಾಗಿ ಮೂವರಿಗೂ ಮೂರನೇ ಒಂದು. ಗಂಡನ ಆ ಮೂರನೇ ಒಂದು ಭಾಗ ನೀವು, ಮಗ, ಮಗಳು ಮೂವರಲ್ಲಿ ಹಂಚಿದರೆ ನಿಮಗೆ ಒಂಬತ್ತನೇ ಒಂದು.

ಆದರೆ ಹಳೆಯ ಮುಂಬೈ ಪ್ರಾಂತ್ಯದ ಕಾನೂನು ನಡೆಯುವ ಕಡೆ, ಆ ಭಾವಿಸಿದ ವಿಭಾಗದಲ್ಲೇ ಹೆಂಡತಿಗೂ ಒಂದು ಪಾಲು ಇಡುತ್ತಾರೆ. 1978ರ ಗುರುಪಾದ ಖಂಡಪ್ಪ ಮಗದುಂ ತೀರ್ಪು ಇದನ್ನೇ ಹೇಳುತ್ತದೆ. ಆಗ ನಾಲ್ಕು ಪಾಲು. ನಿಮಗೆ ಕಾಲು, ಜೊತೆಗೆ ಗಂಡನ ಕಾಲಿನಲ್ಲಿ ಮೂರನೇ ಒಂದು. ಒಟ್ಟು ಮೂರನೇ ಒಂದು ಭಾಗ. ಒಂಬತ್ತನೇ ಒಂದಕ್ಕೂ ಮೂರನೇ ಒಂದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯವರು ಇದನ್ನು ವಕೀಲರ ಬಳಿ ಕೇಳಲೇಬೇಕು. ಹಳೆಯ ಮೈಸೂರಿನಲ್ಲೂ 1933ರಷ್ಟು ಹಿಂದೆಯೇ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾಯಿದೆ ಬಂದಿತ್ತು.

ತಾತ ದುಡಿದ ಆಸ್ತಿಯೆಲ್ಲ ಪಿತ್ರಾರ್ಜಿತ ಅಂತಲೂ ತಿಳಿಯಬೇಡಿ. 1956ರ ನಂತರ ಅಪ್ಪನ ಸ್ವಯಾರ್ಜಿತ ಆಸ್ತಿ ವಾರಸಿನಿಂದ ಮಗನಿಗೆ ಬಂದರೆ ಅದು ಮಗನ ಸ್ವಂತ ಆಸ್ತಿಯೇ.

ಅವರಿಗೆ ಇನ್ನೊಂದು ಸಂಸಾರ ಇತ್ತು ಅಂತ ಈಗ ಗೊತ್ತಾಯ್ತು. ಆಕೆಗೂ ಪಾಲಾ?

ನಿಮ್ಮ ಮದುವೆ ಊರ್ಜಿತದಲ್ಲಿರುವಾಗ ಆದ ಎರಡನೇ ಮದುವೆ ಅಸಿಂಧು. ಆಕೆಗೆ ವಾರಸು ಹಕ್ಕಿಲ್ಲ. ಆದರೆ ಆಕೆಯ ಮಕ್ಕಳಿಗೆ ಇದೆ. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್, ಆ ಮಕ್ಕಳಿಗೆ ತಂದೆಯ ಸ್ವಂತ ಆಸ್ತಿಯಲ್ಲೂ, ಪಿತ್ರಾರ್ಜಿತದಲ್ಲಿ ತಂದೆಗೆ ಬರುತ್ತಿದ್ದ ಪಾಲಿನಲ್ಲೂ ಹಕ್ಕಿದೆ ಅಂದಿತು. ನೋವಿನ ವಿಷಯ. ಆದರೂ ಹುಟ್ಟಿದ ಮಕ್ಕಳ ತಪ್ಪೇನೂ ಇಲ್ಲ ಅನ್ನುವ ಆ ನಿಲುವು ನನಗೆ ಸರಿ ಅನ್ನಿಸುತ್ತದೆ.

ಮಕ್ಕಳು ಚಿಕ್ಕವರು. ಕಷ್ಟಕ್ಕೆ ಮನೆ ಮಾರಬಹುದಾ?

ನಿಮ್ಮ ಪಾಲು ಮಾರಬಹುದು. ಮಕ್ಕಳ ಪಾಲು ಮಾರಲು ನ್ಯಾಯಾಲಯದ ಅನುಮತಿ ಬೇಕು, ನೀವು ತಾಯಿಯಾಗಿದ್ದರೂ. ಅನುಮತಿ ಇಲ್ಲದೆ ಮಾರಿದರೆ, ಮಗು 18 ತುಂಬಿದ 3 ವರ್ಷದೊಳಗೆ ಆ ಮಾರಾಟವನ್ನು ಪ್ರಶ್ನಿಸಬಹುದು. ಇದು ಗೊತ್ತಿರುವ ಕೊಳ್ಳುವವರು ಬೆಲೆ ಇಳಿಸುತ್ತಾರೆ. ಅನುಮತಿ ಪಡೆದೇ ಮಾರಿ.

ಭಾವ ತಮ್ಮ ಪಾಲನ್ನು ಹೊರಗಿನವರಿಗೆ ಮಾರಿಬಿಟ್ಟರು. ಅವನು ಬಂದು ಒಂದು ರೂಮಿನಲ್ಲಿ ಕೂರುತ್ತೇನೆ ಅಂತಾನೆ.

ಕೂರುವಂತಿಲ್ಲ. ಕುಟುಂಬ ವಾಸಿಸುವ, ಪಾಲಾಗದ ಮನೆಯಲ್ಲಿ ಹೊರಗಿನ ಖರೀದಿದಾರನಿಗೆ ಜೊತೆಯಲ್ಲಿ ವಾಸಿಸುವ ಹಕ್ಕಿಲ್ಲ. ಅವನು ವಿಭಾಗದ ದಾವೆ ಹಾಕಬಹುದು, ಅಷ್ಟೇ. ಹಾಕಿದರೆ 1893ರ ವಿಭಾಗ ಕಾಯಿದೆಯ 4ನೇ ಕಲಂ ಪ್ರಕಾರ, ಕೋರ್ಟು ನಿಗದಿ ಮಾಡಿದ ಬೆಲೆಗೆ ಆ ಪಾಲನ್ನು ನೀವೇ ಕೊಳ್ಳಬಹುದು.

ಮನೆ ಸಾಲ ಇನ್ನೂ ತೀರಿಲ್ಲ. ಬ್ಯಾಂಕಿನವರು ನನ್ನನ್ನೇ ಕೇಳ್ತಾರೆ.

ಮೊದಲು ಸಾಲದ ಜೊತೆ ವಿಮೆ ಇತ್ತಾ ನೋಡಿ. ಸಾಲದ ಕಾಗದಗಳ ನಡುವೆ ಒಂದು ಪಾಲಿಸಿ ಎಷ್ಟೋ ಮನೆಗಳಲ್ಲಿ ಇರುತ್ತದೆ, ಯಾರೂ ತೆಗೆದು ನೋಡಿರುವುದಿಲ್ಲ. ನೀವು ಸಹ ಸಾಲಗಾರಳಾಗಿ ಸಹಿ ಹಾಕಿದ್ದರೆ ಕಂತು ನಿಮ್ಮ ಹೊಣೆ. ಹಾಕಿಲ್ಲದಿದ್ದರೆ ಅವರು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ, ನಿಮ್ಮ ಸ್ವಂತ ದುಡಿಮೆಗೆ ಕೈ ಹಾಕುವಂತಿಲ್ಲ.

ನಾವು ಮುಸ್ಲಿಮರು. ನನ್ನ ಪಾಲು ಎಷ್ಟು?

ಮಕ್ಕಳಿದ್ದರೆ ಎಂಟನೇ ಒಂದು, ಇಲ್ಲದಿದ್ದರೆ ನಾಲ್ಕನೇ ಒಂದು. ಇದು ಸುನ್ನಿ ಹನಫಿ ಲೆಕ್ಕ. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು ಮೆಹರ್, ಅಂದರೆ ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಲು ಒಪ್ಪಿದ ಹಣ. ಕೊಡದೆ ಉಳಿದ ಮೆಹರ್ ಗಂಡನ ಸಾಲ. ಹಂಚಿಕೆಗೆ ಮುಂಚೆ ಅದು ತೀರಬೇಕು. ಆಸ್ತಿ ನ್ಯಾಯವಾಗಿ ನಿಮ್ಮ ಸ್ವಾಧೀನದಲ್ಲಿದ್ದರೆ ಮೆಹರ್ ಸಿಗುವವರೆಗೆ ಬಿಟ್ಟುಕೊಡದೆ ಇಟ್ಟುಕೊಳ್ಳಬಹುದು.

ನಾವು ಕ್ರೈಸ್ತರು.

ಭಾರತೀಯ ಉತ್ತರಾಧಿಕಾರ ಕಾಯಿದೆ, 1925. ಮಕ್ಕಳಿದ್ದರೆ ನಿಮಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ. ಮಕ್ಕಳಿಲ್ಲದೆ ಬರೀ ರಕ್ತಸಂಬಂಧಿಗಳಿದ್ದರೆ ಅರ್ಧ. ಯಾರೂ ಇಲ್ಲದಿದ್ದರೆ ಪೂರ್ತಿ. ವಿಶೇಷ ವಿವಾಹ ಕಾಯಿದೆಯಡಿ ಬೇರೆ ಧರ್ಮದವರನ್ನು ಮದುವೆಯಾದವರಿಗೂ ಸಾಮಾನ್ಯವಾಗಿ ಇದೇ ಕಾಯಿದೆ.

ಹೆಂಡತಿ ತೀರಿಕೊಂಡಳು. ಮನೆ ಅವಳ ಹೆಸರಲ್ಲಿತ್ತು. ಗಂಡನಾದ ನನಗೆ?

ಮಕ್ಕಳಿದ್ದರೆ ನೀವೂ ಮಕ್ಕಳೂ ಸಮ ಪಾಲು. ಮಕ್ಕಳಿಲ್ಲದಿದ್ದರೆ ಆ ಮನೆ ಅವಳಿಗೆ ಎಲ್ಲಿಂದ ಬಂತು ಅನ್ನುವುದೇ ಮುಖ್ಯ. ಅವಳೇ ಕೊಂಡದ್ದಾದರೆ ನಿಮ್ಮದು. ತಂದೆ ತಾಯಿಯಿಂದ ವಾರಸಿನಲ್ಲಿ ಬಂದದ್ದಾದರೆ ಅವಳ ತಂದೆಯ ವಾರಸುದಾರರಿಗೆ ವಾಪಸ್ ಹೋಗುತ್ತದೆ. ಕರಾವಳಿಯ ಅಳಿಯಸಂತಾನ ಕುಟುಂಬಗಳಲ್ಲಿ, ಅಂದರೆ ಆಸ್ತಿ ಹೆಣ್ಣಿನ ಕಡೆಯಿಂದ ಸಾಗುವ ಕುಟುಂಬಗಳಲ್ಲಿ, ಹಿಂದೂ ಉತ್ತರಾಧಿಕಾರ ಕಾಯಿದೆಯ 17ನೇ ಕಲಮಿನ ಬೇರೆ ಸಾಲಿದೆ: ಮೊದಲು ಮಕ್ಕಳು ಮತ್ತು ಅವಳ ತಾಯಿ, ಆಮೇಲೆ ತಂದೆ ಮತ್ತು ಗಂಡ.

ಮಗ ಪಾಲು ಕೊಡಲ್ಲ. ಕೋರ್ಟಿಗೆ ಹೋಗಲು ನನ್ನ ಹತ್ತಿರ ದುಡ್ಡಿಲ್ಲ.

ಹೆಣ್ಣುಮಕ್ಕಳಿಗೆ ವಕೀಲರು ಉಚಿತ, ಆದಾಯ ಎಷ್ಟೇ ಇರಲಿ. ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ, 1987ರ 12ನೇ ಕಲಂ ಕೊಟ್ಟ ಹಕ್ಕು ಇದು, ಯಾರ ದಯೆಯೂ ಅಲ್ಲ. ತಾಲ್ಲೂಕು ಕೋರ್ಟ್ ಆವರಣದಲ್ಲಿ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಕೊಟ್ಟರೂ ಆಯಿತು. ಫೋನ್ 15100. ವಿಭಾಗದ ದಾವೆಯ ಜೊತೆಗೆ, ಅದು ಮುಗಿಯುವವರೆಗೆ ಮನೆ ಮಾರದಂತೆ ತಡೆಯಾಜ್ಞೆಯನ್ನೂ ಕೇಳಿ. ಮಗನ ಮೇಲೆ ಕೇಸಾ ಅಂತ ಸಂಕಟವಾದರೆ ಲೋಕ ಅದಾಲತ್‌ನಲ್ಲಿ ರಾಜಿಗೂ ದಾರಿ ಇದೆ. ಆ ರಾಜಿಗೆ ಡಿಕ್ರಿಯಷ್ಟೇ ಬಲ.

ನನಗೆ ಮಕ್ಕಳಿಲ್ಲ. ಗಂಡನೂ ಇಲ್ಲ. ನಾನೇ ದುಡಿದು ಒಂದು ಪುಟ್ಟ ಮನೆ ಮಾಡಿದ್ದೇನೆ. ನನ್ನ ನಂತರ ತಂಗಿಗೆ ಹೋಗುತ್ತೆ ಅಲ್ವಾ?

ನೀವು ಉಯಿಲು ಬರೆಯದಿದ್ದರೆ ಹೋಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಯ 15ನೇ ಕಲಮಿನ ಪ್ರಕಾರ, ಗಂಡ ಮಕ್ಕಳಿಲ್ಲದ ಹಿಂದೂ ಹೆಣ್ಣಿನ ಸ್ವಂತ ದುಡಿಮೆಯೂ ಮೊದಲು ಗಂಡನ ವಾರಸುದಾರರಿಗೆ. ಅವರು ಯಾರೂ ಇಲ್ಲದಿದ್ದರೆ ಮಾತ್ರ ತವರಿಗೆ.

ನಾರಾಯಣಿ ದೇವಿ ಅನ್ನುವವರ ಪ್ರಕರಣ ಇದಕ್ಕೆ ಸಾಕ್ಷಿ. 1955ರಲ್ಲಿ ಮದುವೆ. ಮೂರೇ ತಿಂಗಳಲ್ಲಿ ಗಂಡ ಹಾವು ಕಚ್ಚಿ ತೀರಿಕೊಂಡರು. ಗಂಡನ ಮನೆಯವರು ಹೊರಗೆ ಹಾಕಿದರು. ತವರಿನವರು ಓದಿಸಿದರು, ಕೆಲಸ ಸಿಕ್ಕಿತು, ದುಡಿದು ಕೂಡಿಟ್ಟರು. 1996ರಲ್ಲಿ ಉಯಿಲಿಲ್ಲದೆ ತೀರಿಕೊಂಡರು. ಆ ದುಡಿಮೆ ಹೊರಗೆ ಹಾಕಿದ ಗಂಡನ ಕಡೆಯವರಿಗೇ ಸೇರಬೇಕು ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕಾಯಿದೆಯಲ್ಲಿ ಹಾಗಿದೆ, ಅನುಕಂಪದಿಂದ ಬದಲಾಯಿಸಲಾಗದು ಅಂದಿತು. ಈ ಕಲಂ ಬದಲಾಗಲೇಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಬದಲಾಗುವವರೆಗೆ ಉಯಿಲು ಬರೆಯಿರಿ. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಯಾರಿಗೆ ಏನು ಅಂತ ಬಿಡಿಸಿ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ಅವರ ಸಹಿಯನ್ನೂ ನಿಮ್ಮ ಎದುರೇ ಪಡೆಯಿರಿ. ತಂಗಿಯನ್ನೇ ಸಾಕ್ಷಿ ಮಾಡಬೇಡಿ. ನಿಮಗಿಂತ ಚಿಕ್ಕ ವಯಸ್ಸಿನ, ಊರಲ್ಲೇ ಇರುವ ಇಬ್ಬರನ್ನು ಆರಿಸಿ. ರಿಜಿಸ್ಟರ್ ಕಡ್ಡಾಯ ಅಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ. ಮೂಲ ಪ್ರತಿ ಎಲ್ಲಿಟ್ಟಿದ್ದೀರಿ ಅಂತ ತಂಗಿಗೆ ಇವತ್ತೇ ಹೇಳಿ.